ಎರಡು ಕೊರಿಯನ್ ಚಿತ್ರಗಳಲ್ಲಿ ಸುರಿದ ಮಳೆ

ದಕ್ಷಿಣ ಕೊರಿಯಾದ ಬೂಸಾನ್ ಬಂದರಿಗೆ ಸಮೀಪದ ಜುಂಗಾಂಗ್-ಡಾಂಗ್ ಎಂಬ ಹಳೆಯ ವಾಣಿಜ್ಯ ಬಡಾವಣೆಯಲ್ಲಿ, ಹಡಗು ಸಾಗಣೆ ಕಚೇರಿಗಳ ನಡುವೆ, ‘ನಲವತ್ತು ಮೆಟ್ಟಿಲು’ ಎಂದೇ ಹೆಸರಾದ ಒಂದು ಮೆಟ್ಟಿಲಸಾಲು ಇದೆ. 1950ರಲ್ಲಿ ಆರಂಭವಾದ ಕೊರಿಯಾ ಯುದ್ಧದ ವರ್ಷಗಳಲ್ಲಿ ಬೂಸಾನ್ ತಾತ್ಕಾಲಿಕ ರಾಜಧಾನಿಯಾಗಿದ್ದಾಗ, ನೆಲೆ ಕಳೆದುಕೊಂಡು ಬಂದ ನಿರಾಶ್ರಿತರು ಇದರ ಸುತ್ತಲಿನ ಗುಡ್ಡದಲ್ಲಿ ಗುಡಿಸಲು ಕಟ್ಟಿಕೊಂಡಿದ್ದರು. ಚದುರಿಹೋದ ಮನೆಯವರು ಸಿಗಬಹುದೆಂಬ ಆಸೆಯಿಂದ ಇಲ್ಲಿಗೆ ಬಂದು ಕಾಯುತ್ತಿದ್ದರು. ಆ ದಿನಗಳ ನೆನಪಿಗಾಗಿ ಮೆಟ್ಟಿಲುಗಳ ನಡುವೆ ಅಕಾರ್ಡಿಯನ್ ನುಡಿಸುತ್ತ ಕುಳಿತವನ ಪ್ರತಿಮೆಯನ್ನು ಇಟ್ಟಿದ್ದಾರೆ. ಆದರೆ ನನ್ನ ಕಚೇರಿಯಲ್ಲಿ ನಲವತ್ತು ದಾಟಿದ ಯಾರನ್ನು ಕೇಳಿದರೂ, ಈ ಜಾಗವೆಂದರೆ ಅವರಿಗೆ ಮೊದಲು ನೆನಪಾಗುವುದು ಯುದ್ಧವಲ್ಲ, ಸಿನಿಮಾದಲ್ಲಿ ನಡೆದ ಒಂದು ಕೊಲೆ.

ಲೀ ಮ್ಯುಂಗ್-ಸೆ ನಿರ್ದೇಶನದ ‘ನೋವೇರ್ ಟು ಹೈಡ್’ 1999ರಲ್ಲಿ ತೆರೆಕಂಡಿತು. ಅದರ ಕೊಲೆಯ ದೃಶ್ಯವನ್ನು ಚಿತ್ರೀಕರಿಸಿದ್ದು ಈ ಮೆಟ್ಟಿಲುಗಳ ಮೇಲೆ. ಎಲೆಗಳು ಹಳದಿಯಾಗಿ ಉದುರುವ ಶರತ್ಕಾಲ. ನೋಡನೋಡುತ್ತಿದ್ದಂತೆ ಮಳೆ ಹಿಡಿಯುತ್ತದೆ. ಬೀ ಜೀಸ್ ತಂಡದ ‘ಹಾಲಿಡೇ’ ಹಾಡು ನಿಧಾನವಾಗಿ ಕೇಳಿಬರುತ್ತದೆ. ಮಾದಕ ವಸ್ತುಗಳ ದಂಧೆಯವನೊಬ್ಬನನ್ನು ಕೊಲ್ಲಲು ಆನ್ ಸುಂಗ್-ಕಿ ಅಭಿನಯಿಸಿದ ಕೊಲೆಗಾರ ಹೊಂಚುಹಾಕಿರುತ್ತಾನೆ. ಮಾತು ಇಲ್ಲವೆನ್ನುವಷ್ಟು ಕಡಿಮೆ. ಕತ್ತಿಯ ಏಟಿಗಿಂತ ಹೆಚ್ಚು ಹೊತ್ತು ನಮ್ಮ ಕಣ್ಣಿಗೆ ಬೀಳುವುದು ಎಲೆಗಳ ಬಣ್ಣ, ನೀರಿನ ಎಳೆಗಳು, ಕೊನೆಗೆ ಹಣೆಯಿಂದ ಇಳಿಯುವ ರಕ್ತದ ಒಂದು ಗೆರೆ.

ನಾವೆಲ್ಲ ‘ಬುಜಾಂಗ್‌ನಿಮ್’ ಎಂದು ಕರೆಯುವ ನಮ್ಮ ವಿಭಾಗದ ಮುಖ್ಯಸ್ಥರು ಒಮ್ಮೆ ಮಧ್ಯಾಹ್ನದ ಊಟ ಮುಗಿಸಿ ಬರುವಾಗ ಈ ಮೆಟ್ಟಿಲುಗಳ ಬಳಿ ನಿಂತು ಆ ದೃಶ್ಯವನ್ನು ಕೈಯಾಡಿಸಿ ವಿವರಿಸಿದರು. ಮಳೆ ಯಾವ ಕಡೆಯಿಂದ ಬಂತು, ಕ್ಯಾಮೆರಾ ಎಲ್ಲಿಂದ ನೋಡುತ್ತಿತ್ತು, ಹಾಡು ಎಲ್ಲಿ ಶುರುವಾಯಿತು ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ‘ಸತ್ತವನು ಯಾರು, ಅವನನ್ನು ಏಕೆ ಕೊಂದರು?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ‘ಅದು ನೆನಪಿಲ್ಲ’ ಎಂದರು. ಆ ಉತ್ತರ ನನ್ನನ್ನು ಬಹಳ ದಿನ ಕಾಡಿತು. ಕೊಲೆಯ ಚಿತ್ರವೊಂದು ಪ್ರೇಕ್ಷಕನ ಮನಸ್ಸಿನಲ್ಲಿ ಎರಡು ದಶಕ ಉಳಿದಿದೆ, ಆದರೆ ಕೊಲೆಯಾದವನೇ ಅಲ್ಲಿ ಉಳಿದಿಲ್ಲ. ಇದು ಚಿತ್ರದ ಗೆಲುವೋ ಸೋಲೋ?

ಒಟಿಟಿಯ ದೆಸೆಯಿಂದ ಕೊರಿಯಾದ ಅಪರಾಧ ಚಿತ್ರಗಳು ಈಗ ಊರಿನ ಮನೆಮನೆಯನ್ನೂ ತಲುಪಿವೆ. ಯಾವುದನ್ನು ನೋಡಬೇಕೆಂದು ಗೆಳೆಯರು ಕೇಳಿದಾಗ ನಾನು ‘ನೋವೇರ್ ಟು ಹೈಡ್’ ಹೆಸರು ಹೇಳುತ್ತೇನೆ. ನೋಡಿದವರಲ್ಲಿ ಹೆಚ್ಚಿನವರು ‘ನೋಡಲು ಚೆನ್ನಾಗಿದೆ, ಆದರೆ ಕಥೆಯೇ ಇಲ್ಲವಲ್ಲ’ ಎನ್ನುತ್ತಾರೆ. ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಒಬ್ಬ ಕೊಲೆ ಮಾಡಿ ತಲೆಮರೆಸಿಕೊಳ್ಳುತ್ತಾನೆ, ಪಾರ್ಕ್ ಜೂಂಗ್-ಹೂನ್ ಅಭಿನಯಿಸಿದ ‘ಊ’ ಎಂಬ ಪೊಲೀಸ್ ಪತ್ತೇದಾರ ಅವನ ಬೆನ್ನು ಹತ್ತುತ್ತಾನೆ, ಕೊನೆಗೆ ಇಬ್ಬರೂ ಮಳೆಯಲ್ಲಿ ಗುದ್ದಾಡುತ್ತಾರೆ, ಇದಿಷ್ಟೇ ಕಥೆ. ಆದರೂ ಈ ದೂರನ್ನು ನಾನು ಪೂರ್ತಿ ಒಪ್ಪಲಾರೆ. ಪತ್ತೇದಾರನ ಕೆಲಸದಲ್ಲಿ ಬಹುಪಾಲು ಘಟನೆಗಳೇ ಇಲ್ಲ, ಇರುವುದು ಕಾಯುವಿಕೆ. ಕಾರಿನಲ್ಲಿ ಕುಳಿತು ಒಂದು ಬಾಗಿಲನ್ನೇ ನೋಡುತ್ತಿರುವುದು, ಚಳಿಗೆ ಭುಜ ಕುಗ್ಗಿಸಿಕೊಳ್ಳುವುದು, ಎಲೆ ಉದುರುವ ಕಾಲ ಹಿಮ ಬೀಳುವ ಕಾಲವಾಗುವವರೆಗೂ ಅದೇ ಮುಖವನ್ನು ಹುಡುಕುವುದು. ಇದನ್ನು ಸಂಭಾಷಣೆಯಿಂದ ಹೇಳಹೊರಟರೆ ಎರಡೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಲೀ ಮ್ಯುಂಗ್-ಸೆ ಚಲನೆಯನ್ನು ತಡೆದು ನಿಲ್ಲಿಸುತ್ತಾರೆ, ಎಳೆಯುತ್ತಾರೆ, ಮತ್ತೆ ಹರಿಯಬಿಡುತ್ತಾರೆ; ಆರಂಭದ ಹೊಡೆದಾಟವನ್ನು ಕಪ್ಪು ಬಿಳುಪಿನಲ್ಲಿ ತುಂಡುತುಂಡಾಗಿ ತೋರಿಸುತ್ತಾರೆ. ಕಾಲವೇ ದಪ್ಪಗಾಗಿ ಕೈಗೆ ಸಿಗುವಂತಾಗುತ್ತದೆ. ಇಲ್ಲಿ ಶೈಲಿಯು ಕಥೆಯ ಮೇಲೆ ಹೊದಿಸಿದ ಅಲಂಕಾರವಲ್ಲ, ಕಥೆ ಮಾಡಲಾಗದ ಕೆಲಸವನ್ನು ಅದು ಮಾಡುತ್ತಿದೆ.

ಅದು ಸೋಲುವ ಜಾಗವೂ ಇದೆ, ಅದನ್ನು ಮುಚ್ಚಿಡಬಾರದು. ಕೊಲೆಗಾರನ ಪ್ರೇಯಸಿಯ ಮನೆಯ ಮೇಲೆ ಪೊಲೀಸರು ಕಣ್ಣಿಟ್ಟಿರುವ ಭಾಗದಲ್ಲಿ, ಅವಳೇನು ಬಲ್ಲಳು, ಯಾರಿಗೆ ಹೆದರುತ್ತಾಳೆ, ಅವನನ್ನು ಏಕೆ ಪ್ರೀತಿಸಿದಳು ಎಂಬುದು ನಮಗೆ ತಿಳಿಯುವುದೇ ಇಲ್ಲ. ಬೆಳಕು ಅವಳ ಮುಖದ ಮೇಲೆ ಸೊಗಸಾಗಿ ಬೀಳುತ್ತದೆ, ಒಳಗೇನಿದೆ ಎಂದು ನೋಡುವ ಆಸಕ್ತಿ ಮಾತ್ರ ಕ್ಯಾಮೆರಾಕ್ಕೆ ಇಲ್ಲ. ಇದೇ ನಿರ್ದೇಶಕರು 2005ರಲ್ಲಿ ಮಾಡಿದ ‘ಡ್ಯುಯೆಲಿಸ್ಟ್’ ಈ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು. ಅದನ್ನು ನೋಡುವಾಗ ನನ್ನ ಕಣ್ಣು ತಣಿಯಿತು, ಮನಸ್ಸು ಆಚೆಯೇ ಉಳಿಯಿತು.

ಇದರ ಪಕ್ಕದಲ್ಲಿಟ್ಟು ನೋಡಬೇಕಾದದ್ದು ಬಾಂಗ್ ಜೂನ್-ಹೋ ಅವರ 2003ರ ಚಿತ್ರ ‘ಮೆಮೊರೀಸ್ ಆಫ್ ಮರ್ಡರ್’. 1986ರಿಂದ 1991ರವರೆಗೆ ಸಿಯೋಲ್‌ನ ದಕ್ಷಿಣಕ್ಕಿರುವ ಹ್ವಾಸಂಗ್‌ನಲ್ಲಿ ನಡೆದ ಹತ್ತು ಮಹಿಳೆಯರ ಕೊಲೆಗಳು ಅದರ ವಸ್ತು. ಇಲ್ಲಿಯೂ ಮಳೆ ಸುರಿಯುತ್ತದೆ, ಆದರೆ ಒಂದು ಹನಿಯೂ ಚೆಂದಕ್ಕಾಗಿ ಬೀಳುವುದಿಲ್ಲ. ಚಿತ್ರದ ಕೊಲೆಗಾರ ಹೊರಡುವುದೇ ಮಳೆಯ ರಾತ್ರಿಗಳಲ್ಲಿ. ಆದ್ದರಿಂದ ಮೋಡ ಕವಿದರೆ ಸಾಕು, ನಮಗೆ ಎದೆ ಹೊಡೆದುಕೊಳ್ಳುತ್ತದೆ. ಗದ್ದೆಯ ಬದಿಯಲ್ಲಿ ಶವ ಸಿಕ್ಕ ದೃಶ್ಯವನ್ನು ಬಾಂಗ್ ಎಲ್ಲಿಯೂ ಕತ್ತರಿಸದೆ ಒಂದೇ ಓಟದಲ್ಲಿ ತೋರಿಸುತ್ತಾರೆ: ಸಾಂಗ್ ಕಾಂಗ್-ಹೋ ಅಭಿನಯಿಸಿದ ಪತ್ತೇದಾರ ಜನರನ್ನು ಚದುರಿಸಲು ಅತ್ತಿಂದಿತ್ತ ಓಡಾಡುತ್ತಾನೆ, ಅಧಿಕಾರಿಗಳು ಏರಿಯಿಂದ ಜಾರಿ ಬೀಳುತ್ತಾರೆ, ಸಿಕ್ಕ ಒಂದೇ ಒಂದು ಹೆಜ್ಜೆ ಗುರುತಿನ ಮೇಲೆ ಟ್ರ್ಯಾಕ್ಟರ್ ಹಾದುಹೋಗುತ್ತದೆ. ಪ್ರತ್ಯೇಕ ಚೂರುಗಳಾಗಿ ತೋರಿಸಿದ್ದರೆ ಇವು ಬಿಡಿಬಿಡಿ ತಪ್ಪುಗಳಾಗಿ ಉಳಿಯುತ್ತಿದ್ದವು. ಒಂದೇ ನೋಟದಲ್ಲಿ ಕಂಡಾಗ ಇಡೀ ವ್ಯವಸ್ಥೆಯೇ ಸಾಕ್ಷ್ಯವನ್ನು ಕಾಲಡಿ ಹೊಸಕುತ್ತಿದೆ ಎಂಬುದು ಯಾರೂ ಹೇಳದೆ ಅರ್ಥವಾಗುತ್ತದೆ. ಇದು ನಲವತ್ತು ಮೆಟ್ಟಿಲುಗಳ ದೃಶ್ಯಕ್ಕಿಂತ ಕಡಿಮೆ ಶೈಲಿಯದ್ದಲ್ಲ, ಎದ್ದು ಕಾಣುವುದಿಲ್ಲ ಅಷ್ಟೇ.

ಚಿತ್ರ ತಯಾರಾದಾಗ ಕೊಲೆಗಾರ ಸಿಕ್ಕಿರಲಿಲ್ಲ. ಕಥೆಗೆ ಅಂತ್ಯವೇ ಇಲ್ಲದ ಕಡೆ ನಿರ್ದೇಶಕರ ಕೈಯಲ್ಲಿ ಉಳಿದದ್ದು ದೃಶ್ಯವೊಂದೇ. ವರ್ಷಗಳ ನಂತರ ಆ ಗದ್ದೆಯ ಮೋರಿಯ ಬಳಿಗೆ ಮರಳುವ ಮಾಜಿ ಪತ್ತೇದಾರ, ಇತ್ತೀಚೆಗೆ ಇನ್ನೊಬ್ಬನೂ ಅಲ್ಲಿ ಇಣುಕಿ ನೋಡಿದ್ದನೆಂದು ಪುಟ್ಟ ಹುಡುಗಿಯೊಬ್ಬಳಿಂದ ತಿಳಿದು, ತಲೆಯೆತ್ತಿ ನೇರವಾಗಿ ಕ್ಯಾಮೆರಾದ ಕಣ್ಣಿಗೆ ಕಣ್ಣಿಡುತ್ತಾನೆ. ಕೊಲೆಗಾರ ಎಂದಾದರೂ ಈ ಚಿತ್ರ ನೋಡುತ್ತಾನೆ, ಆಗ ಇಬ್ಬರ ಕಣ್ಣುಗಳೂ ಸಂಧಿಸಲಿ ಎಂಬುದು ಬಾಂಗ್ ಅವರ ಉದ್ದೇಶವಾಗಿತ್ತು.

2019ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಅವನ ಗುರುತು ಸಿಕ್ಕಿತು. ಬೇರೊಂದು ಕೊಲೆಗಾಗಿ ಜೀವಾವಧಿ ಶಿಕ್ಷೆಗೊಳಗಾಗಿ ಅವನು ಆಗಲೇ ಇದೇ ಬೂಸಾನ್‌ನ ಜೈಲಿನಲ್ಲಿದ್ದ. ಹ್ವಾಸಂಗ್‌ನ ಕೊನೆಯ ಕೊಲೆಯ ಮೊಕದ್ದಮೆಯ ಕಾಲಮಿತಿ 2006ರಲ್ಲೇ ಮುಗಿದಿದ್ದರಿಂದ ಆ ಕೊಲೆಗಳಿಗಾಗಿ ಅವನನ್ನು ಶಿಕ್ಷಿಸುವಂತಿರಲಿಲ್ಲ. 2020ರಲ್ಲಿ ಸಾಕ್ಷಿಯಾಗಿ ನ್ಯಾಯಾಲಯಕ್ಕೆ ಬಂದ ಅವನು, ಚಿತ್ರವನ್ನು ಜೈಲಿನಲ್ಲಿ ನೋಡಿದ್ದಾಗಿಯೂ, ಅದು ತನಗೆ ಒಂದು ಸಿನಿಮಾ ಮಾತ್ರವಾಗಿತ್ತೆಂದೂ, ಯಾವ ಭಾವನೆಯೂ ಮೂಡಲಿಲ್ಲವೆಂದೂ ಹೇಳಿದ.

ಅವನು ಸಾಕ್ಷಿ ಹೇಳಲು ಬಂದದ್ದು, ಆ ಹತ್ತು ಕೊಲೆಗಳಲ್ಲಿ ಎಂಟನೆಯದಕ್ಕಾಗಿ ಸುಮಾರು ಇಪ್ಪತ್ತು ವರ್ಷ ಜೈಲಿನಲ್ಲಿ ಕಳೆದಿದ್ದ ನಿರಪರಾಧಿಯೊಬ್ಬರ ಮರುವಿಚಾರಣೆಯಲ್ಲಿ. ಪೊಲೀಸರು ಹಿಂಸಿಸಿ ತಪ್ಪೊಪ್ಪಿಸಿದ್ದ ಅವರು ಅದೇ ವರ್ಷ ಡಿಸೆಂಬರ್‌ನಲ್ಲಿ ಖುಲಾಸೆಯಾದರು. ಇದನ್ನು ಪತ್ರಿಕೆಯಲ್ಲಿ ಓದಿದ ಮೇಲೆ ನನಗೆ ಮತ್ತೆ ಮತ್ತೆ ನೆನಪಾಗುವುದು, ಬಾಂಗ್ ಅವರ ಚಿತ್ರದಲ್ಲಿ ಪೊಲೀಸ್ ಠಾಣೆಯ ನೆಲಮಾಳಿಗೆಯಲ್ಲಿ, ಹೊಡೆಸಿಕೊಂಡ ಬುದ್ಧಿಮಾಂದ್ಯ ಯುವಕನೂ ಹೊಡೆದ ಪೊಲೀಸರೂ ಒಟ್ಟಿಗೆ ಕುಳಿತು ಕಪ್ಪು ಗೊಜ್ಜಿನ ನೂಡಲ್ಸ್ ತಿನ್ನುತ್ತ ಟಿವಿಯಲ್ಲಿ ಪತ್ತೇದಾರಿ ಧಾರಾವಾಹಿ ನೋಡುವ ದೃಶ್ಯ. ಅಲ್ಲಿ ವಿಶೇಷ ಬೆಳಕಿಲ್ಲ, ಮಳೆಯಿಲ್ಲ, ನಿಧಾನಗತಿಯಿಲ್ಲ. ಎಲ್ಲರೂ ಬಾಯಿತುಂಬ ತಿನ್ನುತ್ತಿರುತ್ತಾರೆ, ಚಿತ್ರಮಂದಿರದಲ್ಲಿ ಜನ ನಗುತ್ತಾರೆ. ಊರಿನ ಗೆಳೆಯರು ಈ ಚಿತ್ರವನ್ನು ನೋಡುವಾಗ ಕೊನೆಯ ನೋಟಕ್ಕಾಗಿ ಕಾಯುತ್ತ ಕೂರದೆ, ಈ ಊಟದ ದೃಶ್ಯವನ್ನು ನಿಧಾನವಾಗಿ ನೋಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ.