ದೊಡ್ಡಮ್ಮ ಕೇಳಿದ ಪ್ರಶ್ನೆ

ಜನವರಿ 5, 2025, ಭಾನುವಾರ ರಾತ್ರಿ
ಮಂಗಳೂರು

ಇವತ್ತು ನಮ್ಮ ಚರ್ಚಿನಲ್ಲಿ ಒಡಂಬಡಿಕೆಯ ಆರಾಧನೆ, ಸಭೆಯವರೆಲ್ಲ ಒಟ್ಟಿಗೆ ತಮ್ಮನ್ನು ದೇವರಿಗೆ ಮತ್ತೆ ಒಪ್ಪಿಸಿಕೊಡುವ ದಿನ. ವರ್ಷದ ಮೊದಲ ಭಾನುವಾರ ಅಲ್ವಾ, ದೇವಾಲಯ ತುಂಬಿತ್ತು. 31ರ ರಾತ್ರಿಯ ಆರಾಧನೆ ಮುಗಿಸಿ ಹೊರಟುಬಿಡುವ ದುಬೈ, ಬೆಂಗಳೂರಿನ ಮಕ್ಕಳು ಈ ಸಲ ಇನ್ನೂ ಊರಲ್ಲೇ ಇದ್ದರು. ಹಾಡು ಚೆನ್ನಾಗಿತ್ತು, ಪಾಸ್ಟರ ಪ್ರಸಂಗವೂ ಚೆನ್ನಾಗಿತ್ತು. ಆದರೆ ಬರೆಯಲು ಕೂತದ್ದು ಅದಕ್ಕಲ್ಲ.

ಮಧ್ಯಾಹ್ನ ಊಟ ತಕ್ಕೊಂಡು ಜೆಪ್ಪುವಿಗೆ, ದೊಡ್ಡಮ್ಮನ ಮನೆಗೆ ಹೋದೆ. ಮಳೆಗಾಲದಲ್ಲಿ ಜಾರಿ ಬಿದ್ದ ಮೇಲೆ ದೊಡ್ಡಮ್ಮ ಮೆಟ್ಟಿಲು ಇಳಿದಿಲ್ಲ. ನೋಡಿದರೆ ಬಿಳಿ ಸೀರೆ ಉಟ್ಟು, ತಲೆ ಬಾಚಿ ಕೂತಿದ್ದಾರೆ. ಮೇಜಿನ ಮೇಲೆ ಸ್ಟೀಲ್ ಲೋಟಕ್ಕೆ ಒರಗಿಸಿಟ್ಟ ಫೋನು, ಆರಾಧನೆ ನೋಡುವುದು ಅದರಲ್ಲೇ. ಪಕ್ಕದಲ್ಲಿ ಬೈಬಲು, ಸಂಗೀತದ ಪುಸ್ತಕ, ಹೆಸರು ಬರೆದ ಕಾಣಿಕೆ ಕವರು. ಆರಾಧನೆ ಮುಗಿದು ಅಷ್ಟು ಹೊತ್ತಾದರೂ ಒಂದನ್ನೂ ಎತ್ತಿಟ್ಟಿರಲಿಲ್ಲ.

"ಮಗಾ, ಒಂದು ಕೇಳ್ತೇನೆ, ನಗಬಾರದು" ಅಂದರು. "ವಿಶ್ವಾಸ ಪ್ರಮಾಣಕ್ಕೆ ಮೇಜು ಹಿಡ್ಕೊಂಡು ಎದ್ದು ನಿಂತೆ. ಒಡಂಬಡಿಕೆಯ ಮಾತು ಶುರುವಾಗುವಾಗ ಸರಿಯಾಗಿ ಈ ಫೋನು ನಿಂತೇ ಹೋಯ್ತು. ಪಾಸ್ಟರು ಬಾಯಿ ತೆರೆದದ್ದು ತೆರೆದ ಹಾಗೇ ಉಂಟು, ಸ್ವರ ಇಲ್ಲ. ನನಗೆ ಬಾಯಿಪಾಠ ಇದ್ದಷ್ಟು ಒಬ್ಬಳೇ ಹೇಳಿದೆ. ಅದು ಲೆಕ್ಕಕ್ಕುಂಟಾ?"

"ದೇವರಿಗೆ ಕೇಳದೆ ಇರ್ತದಾ ದೊಡ್ಡಮ್ಮ?"

"ದೇವರಿಗೆ ಕೇಳ್ತದೆ, ಅದು ಗೊತ್ತುಂಟು. ಸಭೆಗೆ ಕೇಳ್ತದಾ ಅಂತ ನಾನು ಕೇಳುದು."

ನನಗೆ ಉತ್ತರ ಬರಲಿಲ್ಲ. ಈಗಲೂ ಬಂದಿಲ್ಲ.

ಈ ಆರಾಧನೆಯನ್ನು ಜಾನ್ ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಶುರು ಮಾಡಿದ್ದು. ಮೆಥೊಡಿಸ್ಟರ ಕಡೆಯಿಂದ ನಮ್ಮ ದಕ್ಷಿಣ ಭಾರತ ಸಭೆಗೂ (ಸಿಎಸ್‌ಐ) ಬಂತು. ಆ ಪ್ರಾರ್ಥನೆಯಲ್ಲಿ ಒಂದು ಕಷ್ಟದ ಮಾತಿದೆ. ನಿನ್ನ ಕೆಲಸಕ್ಕೆ ಹಚ್ಚಿದರೂ ಸರಿ, ನಿನಗೋಸ್ಕರ ಬದಿಗೆ ಇಟ್ಟರೂ ಸರಿ ಎನ್ನುವ ಅರ್ಥ. ನಾವು ನಿಂತುಕೊಂಡು ಅದನ್ನು ಜೋರಾಗಿ ಹೇಳಿದೆವು. ಬದಿಗೆ ಇಡುವುದೆಂದರೆ ಏನೆಂದು ಅಲ್ಲಿ ನಿಂತಿದ್ದ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ದೊಡ್ಡಮ್ಮನಿಗೆ ಗೊತ್ತು. ಗಾಯನ ಮಂಡಳಿಯಲ್ಲಿ ಆಲ್ಟೊ, ಅಂದರೆ ಹೆಂಗಸರ ತಗ್ಗಿನ ಸ್ವರ, ಹಾಡುತ್ತಿದ್ದವರು. ಈಗ ಹಿರಿಯರ ಸಾಲಿನಲ್ಲಿ ಕೂರುವ ಅರ್ಧ ಜನ ಭಾನುವಾರ ಶಾಲೆಯಲ್ಲಿ ಅವರ ಹತ್ತಿರವೇ ಕಲಿತವರು.

ಊಟ ಮಾಡುತ್ತಾ ಅಜ್ಜನ ಕಾಲದ ಮಾತು ಬಂತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನಿನವರು 1834ರಲ್ಲಿ ಮಂಗಳೂರಿಗೆ ಬಂದದ್ದು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿದ್ದು ನಮಗೆಲ್ಲ ಗೊತ್ತಿರುವುದೇ. ದೊಡ್ಡಮ್ಮ ಹೇಳುವುದು ಅದಲ್ಲ. ಕ್ರೈಸ್ತರಾದವರಿಗೆ ಮನೆ ಇಲ್ಲ, ಜಮೀನು ಇಲ್ಲ, ನೆಂಟರು ಹೊಸ್ತಿಲು ಮೆಟ್ಟಿಸುತ್ತಿರಲಿಲ್ಲ. ಕೆಲಸ ಒಂದೇ ಕಡೆ, ಮನೆ ಅಕ್ಕಪಕ್ಕ, ಪ್ರಾರ್ಥನೆ ಒಟ್ಟಿಗೆ. ಒಬ್ಬರು ಒಂದು ಭಾನುವಾರ ಕಾಣದಿದ್ದರೆ ಸಂಜೆಗೆ ಮೂರು ಜನ ಬಾಗಿಲಲ್ಲಿ. ಮೊದಲ ಮಹಾಯುದ್ಧದಲ್ಲಿ ಮಿಷನರಿಗಳು ದೇಶ ಬಿಡಬೇಕಾಯಿತು, ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋಯಿತು. "ಆದರೂ ಮನೆಗೆ ಬರುವವರು ನಿಲ್ಲಲಿಲ್ಲ ಮಾರಾಯ್ತಿ" ಅಂದರು.

ಈಗ ನಾವು ಕೂಳೂರು, ದೇರಳಕಟ್ಟೆ ಅಂತ ಹರಡಿಹೋಗಿದ್ದೇವೆ. ಯಾರನ್ನೂ ಬೈಯುವಂತಿಲ್ಲ. ಆದರೆ ಸಿಟ್ಟು ಬರುತ್ತದೆ. ದೇವಾಲಯದಲ್ಲಿ ಕ್ಯಾಮೆರಾ ಇಟ್ಟದ್ದು ಒಳ್ಳೆಯ ಕೆಲಸವೇ, ಇಲ್ಲದಿದ್ದರೆ ದೊಡ್ಡಮ್ಮನಿಗೆ ಅಷ್ಟೂ ಸಿಗುತ್ತಿರಲಿಲ್ಲ. ಎಷ್ಟು ಜನ ನೋಡಿದರು ಎಂದು ಕಮಿಟಿಯಲ್ಲಿ ಹೇಳುತ್ತಾರೆ. ಯಾರು ನೋಡಿದರು ಎಂದು ಯಾರೂ ಕೇಳುವುದಿಲ್ಲ.

ಬಿದ್ದ ಮೇಲೆ ದೊಡ್ಡಮ್ಮನಿಗೆ ಕರ್ತನ ಭೋಜನ, ಯೇಸುವಿನ ನೆನಪಿಗೆ ಕೊಡುವ ರೊಟ್ಟಿ ದ್ರಾಕ್ಷಾರಸ, ಸಿಕ್ಕಿಲ್ಲ. "ಮನೆಗೆ ತಂದು ಕೊಡ್ತಾರೆ, ಹೇಳಿ ಕಳಿಸಬಹುದಿತ್ತಲ್ಲ" ಅಂದೆ.

"ಅದನ್ನು ಕೇಳಿ ತೆಗೊಳ್ಳುದಾ?"

ಮತ್ತೆ ಮಾತೇ ಬದಲಿಸಿದರು. ಪಕ್ಕದ ಮನೆಯಲ್ಲಿ ಒಬ್ಬರು ಕಥೊಲಿಕ್ ಹೆಂಗಸು ಇದ್ದಾರೆ, ಬಾಯಿ ಅಂತ ಕರೆಯುವುದು. ಅವರು ಕೊಟ್ಟ ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಯ, ಡಬ್ಬಿಯನ್ನು ದೊಡ್ಡಮ್ಮ ತೆಗೆದರು. ಗುಳಿಯೊ ಎಲ್ಲ ಖಾಲಿ, ಎರಡು ನೆವ್ರಿ ಮಾತ್ರ ಉಳಿದಿತ್ತು. ಒಂದು ನನಗೆ, ಒಂದು ಅವರಿಗೆ. ಆ ಬಾಯಿ ದಿನಾ ಸಂಜೆ ಬಂದು ಕೂರುತ್ತಾರಂತೆ. ಅವರದು ಕೊಂಕಣಿ ಜಪಸರ, ಇವರದು ಕನ್ನಡ ಕೀರ್ತನೆ. ಕೇಳಿ ಎಷ್ಟು ಸಂತೋಷವಾಯಿತು ಎಂದರೆ ಅಲ್ಲೇ ಕಣ್ಣು ತುಂಬಿತು.

ರಾತ್ರಿ ಸ್ತ್ರೀಯರ ಕೂಟದ ಸೆಕ್ರೆಟರಿ ಅಕ್ಕನಿಗೆ ಫೋನ್ ಮಾಡಿದೆ. ಈ ವರ್ಷದ ಮನೆ ಪ್ರಾರ್ಥನೆ ಕೂಳೂರಿನ ಹೊಸ ಫ್ಲ್ಯಾಟಿನಿಂದ ಶುರು ಅಂತ ಪಟ್ಟಿ ಆಗಿದೆಯಂತೆ. ಜೆಪ್ಪುವಿನಿಂದ ಶುರು ಮಾಡುವ ಅಂದೆ. "ಆ ಸಣ್ಣ ಮನೆಯಲ್ಲಿ ಎಲ್ಲರೂ ಹಿಡಿಸ್ತಾರಾ?" ಅಂದರು. ಹಿಡಿಸ್ತಾರೆ. ಜಗಲಿ ಇದೆ, ಅಂಗಳ ಇದೆ, ಕುರ್ಚಿ ಪಕ್ಕದ ಬಾಯಿಯ ಮನೆಯಿಂದ ತರಬಹುದು. ಅವರನ್ನೂ ಕರೆಯಬೇಕು. ಒಡಂಬಡಿಕೆಯ ಮಾತನ್ನು ಅಲ್ಲಿ ಇನ್ನೊಮ್ಮೆ ಎಲ್ಲರೂ ದೊಡ್ಡಮ್ಮನ ಜೊತೆ ಹೇಳಬೇಕು, ಕರ್ತನ ಭೋಜನವೂ ಅಲ್ಲೇ ಆಗಬೇಕು. ಗುರುವಾರ ಅವರಿಗೆ ಫಿಸಿಯೋಥೆರಪಿ, ಹಾಗಾಗಿ ಬುಧವಾರವೇ ಒಳ್ಳೆಯದು. ಪಾಸ್ಟರಿಗೆ ನಾಳೆ ಬೆಳಿಗ್ಗೆಯೇ ಹೇಳಬೇಕು. ಸೋಮವಾರ ಅವರಿಗೆ ರಜೆ, ಆದರೂ ಹೇಳಲೇಬೇಕು.