ಪೋಳೆಂ ಗಡಿಯ ಎಚ್‌ಐವಿ ತಪಾಸಣೆ: ವ್ಯಾನ್, ಕ್ಯಾಂಪ್, ಕೂಪನ್ – ಮಳೆಗಾಲಕ್ಕೆ ಮುಂಚಿನ ಪ್ರಗತಿ

ಗೋವಾ–ಕರ್ನಾಟಕ ಗಡಿಯಲ್ಲಿ ಲಾರಿ ಡ್ರೈವರುಗಳಿಗೂ ವಲಸೆ ಕಾರ್ಮಿಕರಿಗೂ ಎಚ್‌ಐವಿ ಪರೀಕ್ಷೆ ತಲುಪಿಸಲು ನಾವು ಹೋಲಿಸುತ್ತಿರುವ ದಾರಿ ಮೂರು. ಪೋಳೆಂ ಬಳಿ ಲಾರಿ ನಿಲ್ಲುವ ಕಡೆ ರಾತ್ರಿ ವ್ಯಾನ್. ಕಾಣಕೋಣ, ಮಡಗಾಂವ್ ಸುತ್ತಿನ ಲೇಬರ್ ಕ್ಯಾಂಪುಗಳಲ್ಲಿ ಸಂಜೆ ಶಿಬಿರ. ಮೂರನೆಯದು ಕೂಪನ್: ಪರೀಕ್ಷೆ ಮಾಡಿಸಿಕೊಂಡವರಿಗೆ ಮೂರು ಚೀಟಿ ಕೊಟ್ಟು, ಅವರ ಒಡನಾಟದವರನ್ನು ಅವರಿಂದಲೇ ಕರೆಸುವುದು. ಕ್ಯಾಂಪಿನವರು ಹೆಚ್ಚಾಗಿ ಗದಗ, ಬಾಗಲಕೋಟೆ, ಕೊಪ್ಪಳ ಕಡೆಯ ಗೌಂಡಿಗಳು, ಸೆಂಟ್ರಿಂಗ್‌ನವರು. ಕೌನ್ಸೆಲಿಂಗ್ ಪೂರ್ತಿ ಕನ್ನಡದಲ್ಲೇ.

ಎಷ್ಟು ಟೆಸ್ಟ್ ಆಯಿತು ಎಂಬ ಲೆಕ್ಕದಲ್ಲಿ ಕ್ಯಾಂಪ್ ಸದಾ ಗೆಲ್ಲುತ್ತದೆ. ಆ ಲೆಕ್ಕ ಕೈಬಿಟ್ಟಿದ್ದೇವೆ. ಈಗ ನೋಡುವುದು ಒಂದೇ: ಹೊಸದಾಗಿ ಪತ್ತೆಯಾದವರಲ್ಲಿ ಎಷ್ಟು ಜನ ಎಆರ್‌ಟಿ (ಎಚ್‌ಐವಿ ಹತೋಟಿಯ ಮಾತ್ರೆ ಚಿಕಿತ್ಸೆ) ಶುರು ಮಾಡಿದರು, ಅಂಥ ಒಬ್ಬೊಬ್ಬರಿಗೆ ಎಷ್ಟು ಖರ್ಚು ಬಿತ್ತು. ಇಲ್ಲಿ 'ಹೊಸದಾಗಿ' ಎಂಬುದೇ ತಲೆನೋವು. ಊರಲ್ಲಿ ಆಗಲೇ ಮಾತ್ರೆ ತಗೊಳ್ಳುತ್ತಿರುವವರೂ ಕ್ಯಾಂಪಿನಲ್ಲಿ ಎಲ್ಲರ ಕಣ್ಣೆದುರು ಹಿಂದೆ ಸರಿಯಲಾರದೆ ಬೆರಳು ಕೊಡುತ್ತಾರೆ. ಅವರನ್ನು ಸೇರಿಸಿದರೆ ಪ್ರಮಾಣ ಉಬ್ಬುತ್ತದೆ. ಬೆರಳು ಚುಚ್ಚುವ ಮೊದಲೇ, ಒಬ್ಬೊಬ್ಬರನ್ನೇ ಕೂರಿಸಿ, 'ಹಿಂದೆ ಪರೀಕ್ಷೆ ಮಾಡಿಸೀರೇನು, ಮಾತ್ರೆ ಏನಾದ್ರೂ ನಡದಾವೇನು' ಎಂದು ಕೇಳಬೇಕು.

ಇನ್ನೊಂದು ಎಚ್ಚರ: ಸಣ್ಣ ಸಂಖ್ಯೆ. 200 ಜನರಲ್ಲಿ ಒಬ್ಬರೂ ರಿಯಾಕ್ಟಿವ್ (ಮೊದಲ ಪರೀಕ್ಷೆಯಲ್ಲಿ ಸೋಂಕಿನ ಸೂಚನೆ) ಬರಲಿಲ್ಲ ಎಂದರೆ ಆ ಜಾಗದಲ್ಲಿ ಸೋಂಕಿಲ್ಲ ಎಂದಲ್ಲ. ನಿಜವಾದ ಪ್ರಮಾಣ ಶೇ. 1.5ರವರೆಗೂ ಇರಬಹುದು (ಒಂದೂ ಬಾರದಿದ್ದಾಗ 3ನ್ನು ಪರೀಕ್ಷೆಯಾದವರ ಸಂಖ್ಯೆಯಿಂದ ಭಾಗಿಸುವ ಅಂದಾಜು ಸೂತ್ರ: 3 ಭಾಗಿಸು 200). ಹಾಗಾಗಿ ಒಂದು ದಾರಿಯನ್ನು ಒಂದೇ ಜಾಗಕ್ಕೆ ಕಟ್ಟಿಹಾಕದೆ ವಾರಕ್ಕೊಮ್ಮೆ ಅದಲುಬದಲು ಮಾಡುತ್ತಿದ್ದೇವೆ. ಬಟವಾಡೆಯ ದಿನ ಮಾತ್ರ ಯಾವುದೂ ನಡೆಯದು, ಎಲ್ಲರೂ ಪೇಟೆಯಲ್ಲಿ.

ಸ್ಟ್ರಿಪ್ (ರಕ್ತದ ಹನಿ ಹಾಕುವ ಪರೀಕ್ಷಾ ಪಟ್ಟಿ) ಕೆಡುವುದು ಬಹುಪಾಲು ಬೆರಳಿನಲ್ಲೇ. ಗೌಂಡಿಗಳ ಬೆರಳು ಸಿಮೆಂಟಿನಿಂದ ಜಡ್ಡುಗಟ್ಟಿರುತ್ತದೆ. ಸಣ್ಣ ಲ್ಯಾನ್ಸೆಟ್ (ಬೆರಳು ಚುಚ್ಚುವ ಸೂಜಿ) ಒಳಗಿಳಿಯದು, ಹಿಂಡಿದರೆ ರಕ್ತದ ಜೊತೆ ನೀರೂ ಬಂದು ತೆಳುವಾಗುತ್ತದೆ. ಬೆಚ್ಚಗಿನ ನೀರಲ್ಲಿ ಕೈ ತೊಳೆಸಿ, ಕಡಿಮೆ ಬಳಸುವ ಕೈಯ ಉಂಗುರದ ಬೆರಳಿನ ಪಕ್ಕಕ್ಕೆ, ಉದ್ದ ಮೊನೆಯ ಲ್ಯಾನ್ಸೆಟ್ಟಿನಿಂದ ಚುಚ್ಚಿ. ಸ್ಪಿರಿಟ್ ಪೂರ್ತಿ ಆರಲಿ. ಹಸಿ ಇದ್ದರೆ ರಕ್ತಕಣ ಒಡೆದು ಸ್ಟ್ರಿಪ್ಪಿನ ಹಿನ್ನೆಲೆಯೇ ಕೆಂಪಾಗುತ್ತದೆ. ಮೊದಲ ಹನಿ ಒರೆಸಿ, ಎರಡನೆಯದು ತೆಗೆದುಕೊಳ್ಳಿ. ಬಫರ್ (ರಕ್ತದ ಜೊತೆ ಸ್ಟ್ರಿಪ್ಪಿಗೆ ಹಾಕುವ ದ್ರವ) ಬಾಟಲಿ ನೆಟ್ಟಗೆ ಹಿಡಿಯದಿದ್ದರೆ ಹನಿಯ ಗಾತ್ರ ಬದಲಾಗುತ್ತದೆ. ಬೇರೆ ಪೆಟ್ಟಿಗೆಯ ಬಫರ್ ಬೇಡವೇ ಬೇಡ. ಕೋಡ್, ಹನಿ ಹಾಕಿದ ಸಮಯ ಎರಡೂ ಸ್ಟ್ರಿಪ್ಪಿನ ಮೇಲೇ ಬರೆಯಿರಿ. ಕಿಟ್ ಚೀಟಿಯಲ್ಲಿರುವ ಅವಧಿ ಮೀರಿ ಮೂಡಿದ ಮಸುಕು ಗೆರೆಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಸ್ಟ್ರಿಪ್ ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ ಕಂಟ್ರೋಲ್ ಗೆರೆ ಇಲ್ಲದಿದ್ದರೆ ಉಳಿದದ್ದು ಏನೇ ಕಾಣಲಿ, ಅಸಿಂಧು. ವ್ಯಾನಿನ ಹಳದಿ ಬಲ್ಬು ತೆಗೆದು ಬಿಳಿ ಎಲ್‌ಇಡಿ ಹಾಕಿಸಿದ್ದಾಗಿದೆ.

ಸಾಮಾನ್ಯ ಕಿಟ್ ಇಡುವ ಉಷ್ಣತೆಯ ಮಿತಿ 30 ಡಿಗ್ರಿ. ಮೇ ತಿಂಗಳಲ್ಲಿ ನಿಂತ ವ್ಯಾನ್ ಅದನ್ನು ಬೇಗ ದಾಟುತ್ತದೆ, ಥರ್ಮಾಮೀಟರ್ ಇಟ್ಟ ಥರ್ಮೋಕೋಲ್ ಪೆಟ್ಟಿಗೆ ಬೇಕೇ ಬೇಕು.

ರಿಯಾಕ್ಟಿವ್ ಬಂದರೆ ಅದೇ ಕೊನೆಯ ಮಾತಲ್ಲ, ಐಸಿಟಿಸಿಯಲ್ಲಿ (ಸರ್ಕಾರಿ ಎಚ್‌ಐವಿ ಆಪ್ತಸಮಾಲೋಚನೆ, ಪರೀಕ್ಷಾ ಕೇಂದ್ರ) ಮೂರು ಬೇರೆ ಬೇರೆ ಕಿಟ್ಟುಗಳಲ್ಲಿ ಖಚಿತವಾಗಬೇಕು. ಚೀಟಿ ಬರೆದು ಕಳಿಸಿದರೆ ಹೋಗುವವರು ಕಡಿಮೆ. ಜೊತೆಗೆ ಆಳು ಹೋಗಬೇಕು. ಕೂಪನ್ ಮುಂದಿರುವುದು ಇಲ್ಲೇ, ಕರೆತಂದ ಗೆಳೆಯನೇ ಜೊತೆಗಿರುತ್ತಾನೆ. ಕೂಪನ್ ಮಾರುವವರು ಇದ್ದೇ ಇರುತ್ತಾರೆ, ಅದಕ್ಕೇ ಹಣದ ಬದಲು ಬಸ್ ಚಾರ್ಜು ಮಾತ್ರ. ಲಾರಿ ಡ್ರೈವರುಗಳದ್ದು ಬೇರೆಯೇ ಪಾಡು: ಬೆಳಗಾಗುವುದರೊಳಗೆ ಕಾರವಾರ ದಾಟಿರುತ್ತಾರೆ. ಹಾಗಾಗಿ ಯಾವ ಊರಿನ ಎಆರ್‌ಟಿ ಕೇಂದ್ರ ಅನುಕೂಲ ಎಂದು ಆ ರಾತ್ರಿಯೇ ಕೇಳಿ, 1097 (ರಾಷ್ಟ್ರೀಯ ಏಡ್ಸ್ ಸಹಾಯವಾಣಿ) ನಂಬರನ್ನೂ ಕೊಡಬೇಕು.

ಫಲಿತಾಂಶ ಹೇಳಿ ಎಂದು ಮೇಸ್ತ್ರಿ ಪೀಡಿಸುತ್ತಾನೆ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆಯಿಲ್ಲದೆ ಹೇಳುವಂತಿಲ್ಲ; ಪಟ್ಟಿ ಕೇಳುವ ಕ್ಯಾಂಪಿನಲ್ಲಿ ಶಿಬಿರವೇ ಬೇಡ.

ಜೂನ್ 1ರಿಂದ ಟ್ರಾಲರ್ ಮೀನುಗಾರಿಕೆ ಬಂದ್, ಬಿತ್ತನೆಗೆ ಗೌಂಡಿಗಳೂ ಊರಿಗೆ. ಆಮೇಲೆ ಕೂಪನ್ ಮಾತ್ರ ಮುಂದುವರಿಯುತ್ತದೆ. ವ್ಯಾನ್, ಕ್ಯಾಂಪ್ ಮತ್ತೆ ಚೌತಿ ಮುಗಿದ ಮೇಲೆ. ಆಗಿನ ಕಿಟ್‌ಗೆ ಎಕ್ಸ್‌ಪೈರಿ ನೋಡಿಯೇ ಬೇಡಿಕೆ ಹಾಕಬೇಕು.