ಹುಲ್ಲು ಎಷ್ಟು ಎತ್ತರ ಇತ್ತು?

ಕಾಡುಪ್ರಾಣಿಗಳನ್ನು ಎಣಿಸುವುದು ನನ್ನ ಕೆಲಸ. ಒಂದು ಕಾಡಿನಲ್ಲಿ ಜಿಂಕೆ ಎಷ್ಟಿವೆ, ಹೋದ ಸಲಕ್ಕಿಂತ ಜಾಸ್ತಿಯೋ ಕಡಿಮೆಯೋ, ಯಾವ ಹಳ್ಳದಲ್ಲಿ ಯಾವ ಕಪ್ಪೆ ಇನ್ನೂ ಉಳಿದಿದೆ, ಇಂಥದ್ದನ್ನು ತಿಳಿಯುವ ತಂಡದಲ್ಲಿದ್ದೇನೆ. ಕೆಲಸಕ್ಕೆ ಸೇರಿದ ಮೂರನೇ ವರ್ಷ ನಾನೊಂದು ದೊಡ್ಡ ತಪ್ಪು ಮಾಡಿದೆ. ವರದಿ ಹೊರಗೆ ಹೋಗುವ ಮೊದಲೇ ಅದು ಸಿಕ್ಕಿಬಿತ್ತು. ಹಿಡಿದವರು ನಮ್ಮ ಜೊತೆ ಕಾಡು ನಡೆಯುವ ಒಬ್ಬ ಹಿರಿಯ ವಾಚರ್.

ಕರಡು ವರದಿಯಲ್ಲಿ ನಾನು ಬರೆದಿದ್ದು ಇಷ್ಟು: ಎರಡು ವರ್ಷದಲ್ಲಿ ಜಿಂಕೆಗಳು ಅರ್ಧಕ್ಕೆ ಇಳಿದಿವೆ.

ಎರಡು ವರ್ಷದ ಹಿಂದೆ ನಡೆದ ದಾರಿಗಳಲ್ಲೇ ನಡೆದಿದ್ದೆವು. ಅದೇ ತಿಂಗಳು, ಅಷ್ಟೇ ಕಿಲೋಮೀಟರ್, ಬೆಳಗ್ಗೆ ಅದೇ ಹೊತ್ತು. ಕಂಡ ಹಿಂಡುಗಳು ಮಾತ್ರ ಅರ್ಧದಷ್ಟು. ಬೇಟೆ ಶುರುವಾಗಿದೆಯಾ, ಏನಾದರೂ ರೋಗ ಬಂದಿದೆಯಾ ಅಂತ ಯೋಚಿಸಿ ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮೂರನೇ ದಿನ ತಂಡದ ಎದುರು ಓದಿದೆ. ಎಲ್ಲರೂ ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು ಆ ವಾಚರ್ ಕೇಳಿದರು.

"ಮೇಡಂ, ಈ ಸಲ ಹುಲ್ಲು ನನ್ನ ಭುಜದ ತನಕ ಇತ್ತು. ಹೋದ ಸಲ ಮೊಣಕಾಲಿಗೂ ಬರ್ತಿರಲಿಲ್ಲ. ಜಿಂಕೆ ಕಡಿಮೆ ಆದವೋ, ನಮಗೆ ಕಂಡಿದ್ದು ಕಡಿಮೆಯೋ?"

ನಾನೂ ಅದೇ ಹುಲ್ಲಿನಲ್ಲಿ ನಡೆದಿದ್ದೆ. ಬಟ್ಟೆಯೆಲ್ಲ ಇಬ್ಬನಿಯಲ್ಲಿ ಒದ್ದೆಯಾಗಿತ್ತು. ಆದರೂ ಲೆಕ್ಕದ ಹಾಳೆ ಮುಂದೆ ಕೂತಾಗ ಆ ಹುಲ್ಲು ನನ್ನ ತಲೆಗೇ ಬರಲಿಲ್ಲ.

ಈ ಕೆಲಸ ಗೊತ್ತಿಲ್ಲದವರಿಗೆ ಸ್ವಲ್ಪ ವಿವರಿಸುತ್ತೇನೆ. ಕಾಡಿನ ಎಲ್ಲ ಜಿಂಕೆಗಳನ್ನೂ ಯಾರೂ ಎಣಿಸಲಾರರು. ಅದಕ್ಕೇ ಕಾಡಿನ ಒಳಗೆ ನೇರವಾದ ಗೆರೆಗಳನ್ನು ಹಾಕಿಕೊಳ್ಳುತ್ತೇವೆ. ಅದಕ್ಕೆ ಟ್ರಾನ್ಸೆಕ್ಟ್ ಅಂತ ಹೆಸರು, ನಮ್ಮ ಬಾಯಲ್ಲಿ ಬರೀ ಲೈನ್. ಆ ಗೆರೆಯ ಮೇಲೆ ಸದ್ದಿಲ್ಲದೆ ನಡೆಯುವುದು. ಹಿಂಡು ಕಂಡ ಕೂಡಲೇ ನಿಂತು ಮೂರು ವಿಷಯ ಬರೆಯುವುದು: ಎಷ್ಟು ಪ್ರಾಣಿ, ನಮ್ಮಿಂದ ಎಷ್ಟು ದೂರ, ಗೆರೆಯಿಂದ ಯಾವ ಕೋನದಲ್ಲಿ. ದೂರಕ್ಕೆ ರೇಂಜ್‌ಫೈಂಡರ್, ಕೋನಕ್ಕೆ ದಿಕ್ಸೂಚಿ. ಎರಡೂ ಸಿಕ್ಕರೆ ಆ ಹಿಂಡು ಗೆರೆಯಿಂದ ಪಕ್ಕಕ್ಕೆ ಎಷ್ಟು ಮೀಟರ್ ದೂರದಲ್ಲಿತ್ತು ಅಂತ ಲೆಕ್ಕ ಹಾಕಬಹುದು.

ಈ ಪಕ್ಕದ ದೂರದಲ್ಲೇ ಇಡೀ ಗುಟ್ಟು ಇರುವುದು. ಗೆರೆಯ ಮೇಲೇ ಇರುವ ಪ್ರಾಣಿ ನಮ್ಮ ಕಣ್ಣು ತಪ್ಪಿಸಿಕೊಳ್ಳುವುದಿಲ್ಲ. ಹತ್ತು ಮೀಟರ್ ಆಚೆ ಒಂದೆರಡು ತಪ್ಪಿಹೋಗುತ್ತವೆ. ಐವತ್ತು ಮೀಟರ್ ಆಚೆ ಹಲವು. ದೂರ ಹೆಚ್ಚಿದ ಹಾಗೆ ಕಾಣುವುದು ಹೇಗೆ ಕಡಿಮೆಯಾಗುತ್ತಾ ಹೋಗುತ್ತದೆ ಅನ್ನುವುದನ್ನು ನೋಡಿ, ನಮಗೆ ಕಾಣದೇ ಹೋದವು ಎಷ್ಟಿರಬಹುದು ಅಂತ ಅಂದಾಜು ಮಾಡುತ್ತೇವೆ. ನಾನು ಈ ಕೆಲಸವನ್ನು ಪ್ರೀತಿಸಲು ಇದೂ ಒಂದು ಕಾರಣ. ಕಂಡದ್ದೇ ಕಾಣದ್ದರ ಲೆಕ್ಕ ಕೊಡುತ್ತದೆ ಅಲ್ವಾ?

ಒಂದು ಸಣ್ಣ ಲೆಕ್ಕ ನೋಡಿ. ಗಿಡ್ಡ ಹುಲ್ಲಿನ ವರ್ಷ 10 ಕಿಲೋಮೀಟರ್ ನಡೆದೆವು, ಗೆರೆಯ ಎರಡೂ ಕಡೆ 60 ಮೀಟರ್ ತನಕ ಚೆನ್ನಾಗಿ ಕಂಡಿತು ಅಂದುಕೊಳ್ಳಿ. ಅಂದರೆ 1.2 ಚದರ ಕಿಲೋಮೀಟರ್ ಜಾಗ ನೋಡಿದ ಹಾಗಾಯಿತು. ಅದರಲ್ಲಿ 60 ಹಿಂಡು ಕಂಡವು. ಎತ್ತರದ ಹುಲ್ಲಿನ ವರ್ಷ ಅಷ್ಟೇ ನಡೆದರೂ ಕಂಡದ್ದು 30 ಮೀಟರ್ ತನಕ ಮಾತ್ರ. ನೋಡಿದ ಜಾಗ 0.6 ಚದರ ಕಿಲೋಮೀಟರ್, ಕಂಡ ಹಿಂಡು 30. ಎರಡೂ ವರ್ಷ ಚದರ ಕಿಲೋಮೀಟರ್‌ಗೆ 50 ಹಿಂಡೇ. ಜಿಂಕೆ ಕಡಿಮೆಯಾಗಿಲ್ಲ, ನಮ್ಮ ಕಣ್ಣಿನ ದಾರಿ ಕಿರಿದಾಗಿದೆ ಅಷ್ಟೇ.

ಹಾಗಾದರೆ ದೂರದ ಅಂಕಿಗಳನ್ನು ಹಾಕಿ ಲೆಕ್ಕ ಸರಿಮಾಡಿದರೆ ಮುಗಿಯಿತಲ್ಲ ಅಂತ ನನಗೂ ಅನಿಸಿತು. ಅವತ್ತು ಸಂಜೆಯೇ ಹಾಳೆಗಳನ್ನು ಹರಡಿಕೊಂಡು ಕೂತೆ. ನನ್ನ ನಿಜವಾದ ತಪ್ಪು ಗೊತ್ತಾಗಿದ್ದು ಆಗ.

ದೂರದ ಕಾಲಂನಲ್ಲಿ 50, 50, 100, 20, 50, 100. ಒಂದು 37 ಇಲ್ಲ, ಒಂದು 64 ಇಲ್ಲ. ಕಾಡಿನಲ್ಲಿ ಜಿಂಕೆಗಳು ಸರಿಯಾಗಿ 50 ಮೀಟರ್‌ಗೇ ಬಂದು ನಿಲ್ಲುವುದಿಲ್ಲ. ಕಣ್ಣಳತೆಯಲ್ಲಿ ಬರೆದ ಅಂಕಿಗಳು ಅವು. ಕೆಲವು ಹಾಳೆಗಳಲ್ಲಿ ಆ ಕಾಲಂ ಖಾಲಿಯೇ ಇತ್ತು. ರೇಂಜ್‌ಫೈಂಡರ್ ಯಾಕೆ ಬಳಸಲಿಲ್ಲ ಅಂತ ಒಬ್ಬ ಹುಡುಗನನ್ನು ಕೇಳಿದೆ. ಅವನು ಹಿಂಜರಿಯುತ್ತಾ ಹೇಳಿದ: "ತರಬೇತಿ ದಿನ ನೀವೇ ಹೇಳಿದ್ರಲ್ಲ ಮೇಡಂ, ದೂರ ಅಂದಾಜಿಗೆ ಬರೆದರೂ ನಡೆಯುತ್ತೆ, ಎಷ್ಟು ಪ್ರಾಣಿ ಅನ್ನೋದು ಮುಖ್ಯ ಅಂತ."

ಹೌದು, ಹೇಳಿದ್ದೆ. ಸಮಯ ಕಡಿಮೆ ಇತ್ತು, ಹೊಸಬರು ಹೆದರಬಾರದು ಅಂತ ಸುಲಭ ಮಾಡಲು ಹೋಗಿದ್ದೆ. ಆ ಒಂದು ಮಾತಿನಿಂದ ನೂರಾರು ಗಂಟೆಗಳ ನಡಿಗೆಯ ಬೆಲೆ ಇಳಿದುಹೋಯಿತು. ಹುಡುಗರು ನಾನು ಹೇಳಿದ್ದನ್ನೇ ಪ್ರಾಮಾಣಿಕವಾಗಿ ಮಾಡಿದ್ದರು.

ಪೂರ್ತಿ ಕೆಟ್ಟಿರಲಿಲ್ಲ. ಹೀಗೆ ಒಂದೇ ಅಂಕಿಯ ಮೇಲೆ ಗುಂಪಾದ ದೂರಗಳನ್ನು, ಇಷ್ಟು ಮೀಟರ್‌ನಿಂದ ಇಷ್ಟು ಮೀಟರ್ ತನಕ ಅನ್ನುವ ಅಗಲವಾದ ಪಟ್ಟಿಗಳಾಗಿ ಸೇರಿಸಿಕೊಳ್ಳಬಹುದು. ಪಟ್ಟಿಯ ಅಂಚು 50 ಅಥವಾ 100ರ ಮೇಲೇ ಬೀಳದ ಹಾಗೆ ನೋಡಿಕೊಳ್ಳಬೇಕು. ತುಂಬ ದೂರದ ಕೆಲವನ್ನು ಬಿಟ್ಟೆವು. ಖಾಲಿ ಕಾಲಂನ ಹಾಳೆಗಳನ್ನು ಪಕ್ಕಕ್ಕಿಡಬೇಕಾಯಿತು, ಅದು ತುಂಬ ನೋವಿನ ಕೆಲಸ. ಈ ಲೆಕ್ಕ ನಂಬುವಂತೆ ಬರಬೇಕಾದರೆ ಕನಿಷ್ಠ 60ರಿಂದ 80 ಸಲ ಪ್ರಾಣಿ ಕಂಡಿರಬೇಕು ಅನ್ನುತ್ತಾರೆ. ನಾವು ಹೇಗೋ ಆ ಗಡಿ ದಾಟಿದೆವು. ಬಂದ ಉತ್ತರ: ಜಿಂಕೆ ಸ್ವಲ್ಪ ಇಳಿದಿರಬಹುದು, ಇಳಿಯದೆಯೂ ಇರಬಹುದು, ಸ್ವಲ್ಪ ಏರಿದ್ದರೂ ಆಶ್ಚರ್ಯವಿಲ್ಲ. ಅಷ್ಟು ಅಗಲದ ಅಂದಾಜು.

ವರದಿ ಕೇಳಿದ್ದವರಿಗೆ ಇದು ಇಷ್ಟವಾಗಲಿಲ್ಲ. ಒಂದೇ ಒಂದು ಸಂಖ್ಯೆ ಕೊಡಿ ಅಂದರು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಅಗಲದ ಅಂದಾಜಿನಿಂದ ನಡುವಿನ ಒಂದು ಸಂಖ್ಯೆ ಕಿತ್ತು ಕೊಟ್ಟರೆ, ಮುಂದಿನ ವರ್ಷ ಇನ್ನೊಬ್ಬರು ಅದರ ಪಕ್ಕ ಇನ್ನೊಂದು ಸಂಖ್ಯೆ ಇಟ್ಟು ನಾನು ಮಾಡಿದ ತಪ್ಪನ್ನೇ ಮಾಡುತ್ತಾರೆ. ಕೊಡಲಿಲ್ಲ. ಎರಡು ತುದಿಗಳನ್ನೂ ಬರೆದು, ಯಾಕೆ ಅಷ್ಟು ಅಗಲ ಅಂತಲೂ ಬರೆದೆ. ಕಾಲಂ ಖಾಲಿ ಇದ್ದದ್ದನ್ನೂ ಬರೆದೆ.

"ಅರ್ಧಕ್ಕೆ ಇಳಿದಿವೆ" ಅನ್ನುವುದು ಬಾಯಿಗೆ ಸುಲಭವಾಗಿ ಬರುವ ಮಾತು, ಆದರೆ ಭಾರವಾದ ಮಾತು. ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟು ಅಂತ ಹೇಳುವ ಅಂತರರಾಷ್ಟ್ರೀಯ ಕೆಂಪು ಪಟ್ಟಿಯ ನಿಯಮ ನೋಡಿ. ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ಉದ್ದವೋ ಅಷ್ಟರಲ್ಲಿ, ಒಂದು ಜೀವಿಯ ಸಂಖ್ಯೆ 50 ಶೇಕಡಾ ಇಳಿದರೆ ಅದು ಅಳಿವಿನಂಚಿನ ಗುಂಪಿಗೆ ಹೋಗಬಹುದು. 80 ಶೇಕಡಾ ಆದರೆ ಅದಕ್ಕಿಂತಲೂ ಗಂಭೀರ ಗುಂಪಿಗೆ. ಒಂದು ಕಾಡಿನ ನಮ್ಮ ಲೆಕ್ಕದಿಂದ ಇಡೀ ಜೀವಿಯ ಸ್ಥಾನ ಬದಲಾಗುವುದಿಲ್ಲ ನಿಜ. ಆದರೆ ಇಂಥ ಚಿಕ್ಕ ಚಿಕ್ಕ ಲೆಕ್ಕಗಳೇ ಸೇರಿ ದೊಡ್ಡ ಲೆಕ್ಕ ಆಗುವುದು. ಹಣ, ಜನ, ಕಾವಲು ಎಲ್ಲವೂ ಆ ಲೆಕ್ಕದ ಹಿಂದೆ ಹೋಗುತ್ತವೆ. ಲೆಕ್ಕ ತಪ್ಪಾದರೆ ಹಾಗೆ ಹೋಗುವುದು ನಿಜವಾಗಿ ಕಷ್ಟದಲ್ಲಿರುವ ಇನ್ನೊಂದು ಪ್ರಾಣಿಯ ಪಾಲು.

ನನ್ನ ತಪ್ಪು ಭಯದ ಕಡೆಗಿತ್ತು. ಧೈರ್ಯದ ಕಡೆಗೆ ತಪ್ಪಿದರೆ ಇನ್ನೂ ಕೆಟ್ಟದ್ದು. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯ ಕಾಡ್ (cod) ಅನ್ನುವ ಕಡಲ ಮೀನಿನ ಕಥೆ ಅದೇ. 1980ರ ದಶಕದಲ್ಲಿ ಆ ಮೀನು ಎಷ್ಟಿದೆ ಅನ್ನುವ ಅಂದಾಜಿಗೆ, ದೋಣಿಗಳಿಗೆ ಎಷ್ಟು ಸಿಗುತ್ತಿದೆ ಅನ್ನುವ ಲೆಕ್ಕವನ್ನೂ ಬಳಸುತ್ತಿದ್ದರು. ಮೀನು ಕಡಿಮೆಯಾಗುತ್ತಿತ್ತು, ಆದರೆ ಉಳಿದವು ಕೆಲವೇ ಜಾಗಗಳಲ್ಲಿ ಒತ್ತಾಗಿ ಸೇರುತ್ತಿದ್ದವು. ದೋಣಿಗಳ ಉಪಕರಣಗಳೂ ಸುಧಾರಿಸಿದ್ದವು, ನೇರ ಅಲ್ಲಿಗೇ ಹೋಗುತ್ತಿದ್ದವು. ಬಲೆ ತುಂಬುತ್ತಲೇ ಇತ್ತು, ಕಡಲು ಖಾಲಿಯಾಗುತ್ತಿತ್ತು. 1992ರ ಜುಲೈನಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸುಮಾರು 30,000 ಜನ ಕೆಲಸ ಕಳೆದುಕೊಂಡರು. ನಮ್ಮ ಹುಲ್ಲು ಜಿಂಕೆಯನ್ನು ಬಚ್ಚಿಟ್ಟಿತು, ಅಲ್ಲಿ ಹುಡುಕುವ ಜಾಣತನವೇ ಇಳಿತವನ್ನು ಬಚ್ಚಿಟ್ಟಿತು.

ಅಪರೂಪದ ಜೀವಿಗಳಲ್ಲಿ ಈ ತೊಂದರೆ ಇನ್ನೂ ಜಾಸ್ತಿ, ಯಾಕೆಂದರೆ ಅಲ್ಲಿ ಬರುವ ಉತ್ತರ ಹೆಚ್ಚಾಗಿ ಸೊನ್ನೆ. ನಾವು ಹಳ್ಳಗಳಲ್ಲಿ ಕಪ್ಪೆ ಹುಡುಕುತ್ತೇವೆ. ಒಂದು ಕಪ್ಪೆ ಆ ಹಳ್ಳದಲ್ಲಿ ಇದ್ದು, ಒಂದು ರಾತ್ರಿಯ ಹುಡುಕಾಟದಲ್ಲಿ ಅದು ಸಿಗುವ ಸಾಧ್ಯತೆ 100ಕ್ಕೆ 30 ಅಂದುಕೊಳ್ಳಿ. ಮೂರು ರಾತ್ರಿ ಹೋದರೂ ಒಮ್ಮೆಯೂ ಸಿಗದೇ ಇರುವ ಸಾಧ್ಯತೆ 100ಕ್ಕೆ 34. ಅಂದರೆ ಕಪ್ಪೆ ಇರುವ ಮೂರು ಹಳ್ಳಗಳಲ್ಲಿ ಒಂದನ್ನು ನಾವು "ಇಲ್ಲ" ಅಂತ ಬರೆದು ಬರುತ್ತೇವೆ. ಎಂಟು ರಾತ್ರಿ ಹೋದರೆ ಅದು 6ಕ್ಕಿಂತ ಕೆಳಗೆ ಇಳಿಯುತ್ತದೆ. ಒಂದೇ ಹಳ್ಳಕ್ಕೆ ಮತ್ತೆ ಮತ್ತೆ ಯಾಕೆ ಹೋಗಬೇಕು, ಅಷ್ಟರಲ್ಲಿ ಹೊಸ ಹಳ್ಳ ನೋಡಬಹುದಲ್ಲ ಅಂತ ಕೇಳುವವರಿಗೆ ಈ ಲೆಕ್ಕ ಬರೆದು ತೋರಿಸುತ್ತೇನೆ.

ಕಪ್ಪು ಕಾಲಿನ ಫೆರೆಟ್ ಅನ್ನುವ ಪ್ರಾಣಿ ಅಮೆರಿಕದಲ್ಲಿದೆ. ಉದ್ದ ಮೈ, ಗಿಡ್ಡ ಕಾಲು. ರಾತ್ರಿ ಓಡಾಡುತ್ತದೆ, ಪ್ರೇರೀ ಡಾಗ್ ಅನ್ನುವ, ಅಳಿಲಿನ ಜಾತಿಯ ಪ್ರಾಣಿಗಳು ತೋಡಿದ ಬಿಲಗಳಲ್ಲಿ ಬದುಕುತ್ತದೆ. 1979ರಲ್ಲಿ ಸಾಕಿಕೊಂಡಿದ್ದ ಕೊನೆಯದು ಸತ್ತಾಗ ಈ ಜೀವಿಯೇ ಮುಗಿಯಿತು ಅಂದುಕೊಂಡಿದ್ದರು. 1981ರಲ್ಲಿ ವಯೋಮಿಂಗ್‌ನ ಮೀಟೀಟ್ಸಿ ಎಂಬ ಊರಿನ ಹತ್ತಿರ ಒಂದು ಸಾಕುನಾಯಿ ಸತ್ತ ಫೆರೆಟ್ ಒಂದನ್ನು ಮನೆಗೆ ತಂದಿತು. ಹುಡುಕಿದರೆ ಅಲ್ಲೊಂದು ಗುಂಪೇ ಬದುಕಿತ್ತು. ಆಮೇಲೆ ರೋಗ ಬಂದು, 1987ರ ಹೊತ್ತಿಗೆ ಉಳಿದ 18ನ್ನು ಹಿಡಿದು ಸಾಕಿ ಮರಿ ಮಾಡಿಸಿದರು. ಇವತ್ತು ಕಾಡಿಗೆ ಮರಳಿದ ಫೆರೆಟ್‌ಗಳು ಆ ಗುಂಪಿನವು. ಆ ನಾಯಿ ಅವತ್ತು ಬೇರೆ ದಿಕ್ಕಿಗೆ ಹೋಗಿದ್ದರೆ? ನಾನು "ಇಲ್ಲ" ಅಂತ ಬರೆಯುವಾಗಲೆಲ್ಲ ಈ ಪ್ರಶ್ನೆ ಬರುತ್ತದೆ.

ಸೊನ್ನೆಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಹೊಸದಾಗಿ ಬರುವವರಿಗೆ 0 ಬರೆಯಲು ಕೈ ಬರುವುದಿಲ್ಲ. ಐದು ಗಂಟೆಗೆ ಎದ್ದು, ಕೆಸರಿನಲ್ಲಿ ನಡೆದು, ಏನೂ ಕಾಣದೆ ಬಂದಾಗ ನಾಚಿಕೆ ಪಡುತ್ತಾರೆ. ಒಬ್ಬ ಹುಡುಗ "ಇವತ್ತು ಏನೂ ಮಾಡೋಕೆ ಆಗಲಿಲ್ಲ ಮೇಡಂ, ಸಾರಿ" ಅಂತ ಹಾಳೆ ಖಾಲಿ ಬಿಟ್ಟು ಕೊಟ್ಟಿದ್ದ. ಖಾಲಿ ಅಂದರೆ ಅಲ್ಲಿಗೆ ಹೋಗಲೇ ಇಲ್ಲ ಅಂತ ಓದುತ್ತೇವೆ. 0 ಅಂದರೆ ಹೋದೆವು, ಹುಡುಕಿದೆವು, ಕಾಣಲಿಲ್ಲ. ಎರಡಕ್ಕೂ ತುಂಬ ವ್ಯತ್ಯಾಸ. ಅವನನ್ನು ಕೂರಿಸಿಕೊಂಡು ಆ ಹಾಳೆ ಒಟ್ಟಿಗೆ ತುಂಬಿದೆವು. ಪ್ರಾಣಿ ಮುಂದೆ ಹಾದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ಗೂ ಇದೇ ಮಾತು. ಬ್ಯಾಟರಿ ಸತ್ತ ದಿನಗಳನ್ನು ಕಳೆಯದಿದ್ದರೆ, ಕ್ಯಾಮೆರಾ ಮಲಗಿದ್ದ ವಾರವೂ ಪ್ರಾಣಿ ಬಾರದ ವಾರವಾಗಿ ಕಾಣುತ್ತದೆ.

ಆ ವರ್ಷದ ಮೇಲೆ ನಮ್ಮ ಹಾಳೆ ಬದಲಾಯಿತು. ತರಬೇತಿಯ ಮೊದಲ ದಿನ ಕಾಡಿಗೆ ಹೋಗುವುದಿಲ್ಲ. ಬಯಲಿನಲ್ಲಿ ಗೂಟ ನೆಟ್ಟು, ಮೊದಲು ಕಣ್ಣಳತೆಯಲ್ಲಿ ದೂರ ಹೇಳಿ, ಆಮೇಲೆ ರೇಂಜ್‌ಫೈಂಡರ್‌ನಲ್ಲಿ ನೋಡುತ್ತೇವೆ. 35 ಮೀಟರ್ ಇರುವುದನ್ನು 60 ಅಂದವರು ತಾವೇ ಬೆರಗಾಗುತ್ತಾರೆ. ಅಲ್ಲಿಂದ ಮುಂದೆ ಉಪಕರಣ ಚೀಲದಲ್ಲಿ ಉಳಿಯುವುದಿಲ್ಲ. ಈ ಪಾಠ ನಡೆಸುವವರು ಆ ವಾಚರ್. ಅವರಷ್ಟು ತಾಳ್ಮೆ ನನಗಿಲ್ಲ.

ಹುಲ್ಲಿನ ಎತ್ತರಕ್ಕೆ ಒಂದು ಕಾಲಂ ಸೇರಿಸಿದೆವು. ಸೆಂಟಿಮೀಟರ್‌ನಲ್ಲಿ ಬರೆಸಬೇಕು ಅಂತ ನಾನು ಅಂದಿದ್ದೆ. "ನಡೀತಾ ನಡೀತಾ ಯಾರು ಅಳೀತಾರೆ ಮೇಡಂ? ಮೊಣಕಾಲು, ಸೊಂಟ, ಭುಜ ಅಂತ ಬರೆಸಿ, ಯಾರೂ ತಪ್ಪೋದಿಲ್ಲ" ಅಂದರು ಅವರು. ಪ್ರತಿ ತಂಡದವರ ಮೊಣಕಾಲು, ಸೊಂಟ, ಭುಜದ ಎತ್ತರವನ್ನು ಒಮ್ಮೆ ಅಳೆದು ಬರೆದಿಟ್ಟುಕೊಂಡೆವು. ಅಷ್ಟರಲ್ಲೇ ಸೆಂಟಿಮೀಟರ್ ಸಿಕ್ಕಿತು.

ಈ ಸಲದ ನಡಿಗೆ ಹೋದ ವಾರ ಶುರುವಾಯಿತು. ನಿನ್ನೆ ಮೊದಲ ಕಟ್ಟು ಹಾಳೆ ನನ್ನ ಮೇಜಿಗೆ ಬಂತು. ಮೇಲಿನ ಹಾಳೆ, ಹಿಂದೆ ಖಾಲಿ ಕೊಟ್ಟಿದ್ದ ಆ ಹುಡುಗನದ್ದು. ಹೊರಟ ಹೊತ್ತು ಇದೆ, ಮುಗಿಸಿದ ಹೊತ್ತು ಇದೆ, ಮಂಜು ಇತ್ತು ಅಂತ ಇದೆ. ಹುಲ್ಲು: ಸೊಂಟ. ಕಂಡ ಹಿಂಡು: 0. ಆ ಸೊನ್ನೆಯನ್ನು ದುಂಡಗೆ, ದಪ್ಪಗೆ ಬರೆದಿದ್ದಾನೆ.